ಎಣಿಸಬಾರದ ಚಿಗರಿಗಳು

ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ ರೊಟ್ಟಿ ಎಣಿಸುವಂತಿರಲಿಲ್ಲ. ಬುಟ್ಟಿಯ ಮೇಲಿನ ಬಟ್ಟೆ ಎತ್ತಿ ಕಣ್ಣಳತೆಯಲ್ಲಿ ಅಂದಾಜು ಮಾಡಬೇಕು. ಬೆರಳು ಮಡಚಬಾರದು, ತುಟಿ ಅಲ್ಲಾಡಬಾರದು. ಜಮಖಂಡಿಯ ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಊಟಕ್ಕೆ ಕೂತವರಿಗೆ ಸಾಲುತ್ತವೋ ಇಲ್ಲವೋ ಎಂದು ನಾನೊಮ್ಮೆ ಬಾಯಿಬಿಟ್ಟು ಎಣಿಸಿಬಿಟ್ಟೆ. ಅತ್ತೆಯವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಅಯ್ಯ, ಏನ ಮಾಡ್ಲಿಕ್ಹತ್ತೀ ನೀನು? ಉಣ್ಣೋದನ್ನ ಯಾರರೆ ಎಣಸ್ತಾರೇನು? ದೃಷ್ಟಿ ಆಗ್ತದ."

ಒಲೆಗೆ ಉಪ್ಪು, ಒಣಮೆಣಸಿನಕಾಯಿ ಹಾಕಿ ರೊಟ್ಟಿಗಳ ದೃಷ್ಟಿ ತೆಗೆದರು. ಮಕ್ಕಳಿಗೆ ದೃಷ್ಟಿ ತೆಗೆಯುವುದನ್ನು ಕಂಡಿದ್ದೆ, ರೊಟ್ಟಿಗೆ ತೆಗೆದದ್ದು ಅದೇ ಮೊದಲು ನೋಡಿದ್ದು. ಆ ದಿನ ಮನೆಯವರೆಲ್ಲ ಕೆಮ್ಮುತ್ತ ಉಂಡರು.

ಈ ನಿಯಮ ರೊಟ್ಟಿಗೇ ನಿಲ್ಲುತ್ತಿರಲಿಲ್ಲ. ಮೊಮ್ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ, ಅಂಗಳದ ತುಂಬ ಅವು ಕುಣಿಯುತ್ತಿದ್ದರೂ, "ಅವ, ಒಂದೆರಡು" ಎನ್ನುತ್ತಿದ್ದರು. ಆಕಳ ಹಾಲಿನ ಮಾತು ಬಂದರೆ "ಎಲ್ಲೀದು, ಕರಕ್ಕ ಸಾಲೂದಿಲ್ಲ." ಇದ್ದದ್ದನ್ನು ಹೀಗೆ ಕಡಿಮೆ ಮಾಡಿ ಹೇಳಬೇಕು, ಇಲ್ಲದ್ದನ್ನು ಹೆಚ್ಚು ಮಾಡಿ ಹೇಳಬೇಕು. ಅಕ್ಕಿಯ ಡಬ್ಬಿಯಲ್ಲಿ ತಳ ಕಂಡರೆ "ಮುಗೀತು" ಎನ್ನುವಂತಿಲ್ಲ, "ತುಂಬ್ಯದ" ಎನ್ನಬೇಕು. ಅಂಗಡಿಗೆ ಯಾರನ್ನಾದರೂ ಓಡಿಸಬೇಕಾದಾಗಲೆಲ್ಲ ನಮ್ಮ ಮನೆಯ ಡಬ್ಬಿಗಳು ತುಂಬಿರುತ್ತಿದ್ದವು. ನನಗೆ ಇದೆಲ್ಲ ಹುಚ್ಚುತನವೆನ್ನಿಸುತ್ತಿತ್ತು. ಆದರೆ ಒಂದೆರಡು ವರ್ಷದಲ್ಲಿ ನನ್ನ ಬಾಯಿಯೂ ಅದೇ ರೂಢಿಗೆ ಬಿತ್ತು.

ಇತ್ತ ನನ್ನ ಕೆಲಸವೇ ಎಣಿಸುವುದಾಯಿತು. ನಾನು ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಆ ಕಾಲದ ಪ್ರಾಣಿಶಾಸ್ತ್ರವೆಂದರೆ ಕಪ್ಪೆ ಕೊಯ್ಯುವುದು, ಜಿರಲೆಯ ಬಾಯಿಯ ಭಾಗ ಬಿಡಿಸುವುದು, ಬಾಟಲಿಯೊಳಗೆ ಬಿಳಿಚಿಕೊಂಡ ಹಾವಿನ ಹೆಸರು ಬರೆಯುವುದು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ರಜೆಯಲ್ಲಿ ಧಾರವಾಡಕ್ಕೆ ತರಬೇತಿಗೆಂದು ಹೋದೆ. ಅಲ್ಲಿ ಪಾಠ ಹೇಳಲು ಬಂದಿದ್ದ ವಯಸ್ಸಾದ ಪ್ರಾಧ್ಯಾಪಕರೊಬ್ಬರು, "ನಿಮ್ಮೂರಿನ ಸುತ್ತ ಬದುಕಿರುವ ಪ್ರಾಣಿ ಯಾವುವು, ಎಷ್ಟಿವೆ?" ಎಂದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದರು. ಒಬ್ಬರಿಗೂ ಗೊತ್ತಿರಲಿಲ್ಲ. ಈಗ ಎಷ್ಟಿವೆ ಎಂದು ಗೊತ್ತಿಲ್ಲದಿದ್ದರೆ, ಮುಂದೆ ಎಷ್ಟು ಹೋದವು ಎಂದು ಹೇಗೆ ತಿಳಿಯುತ್ತೀರಿ ಎಂದರು. ನನಗೆ ಸಿಟ್ಟು ಬಂತು, ಅವರ ಮೇಲೂ, ನನ್ನ ಮೇಲೂ. ಊರಿಗೆ ಬಂದವಳೇ ಒಂದು ಗುಡ್ಡ ಹಿಡಿದೆ.

ಗುಡ್ಡ ಇದ್ದದ್ದು ಮುಧೋಳ ಮತ್ತು ಬೀಳಗಿಯ ನಡುವೆ. ಗುಡ್ಡವೆಂದರೆ ಹಸಿರು ಕಾಡು ನೆನೆಯಬೇಡಿ. ಕಲ್ಲು, ಮೊಣಕಾಲುದ್ದ ಹುಲ್ಲು, ಅಲ್ಲಲ್ಲಿ ಕವಳಿ, ಬಾರಿ, ಜಾಲಿಯ ಗಿಡ. ಬೀಳಗಿಯ ನೆಂಟರ ಮನೆಗೆ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಆ ಗುಡ್ಡದ ಓರೆಯಲ್ಲಿ ಒಂದು ಚಿಗರಿ ನಿಂತು ಬಸ್ಸನ್ನೇ ನೋಡುತ್ತಿದ್ದದ್ದು ಕಂಡಿತ್ತು. ಪುಸ್ತಕದಲ್ಲಿ ಅದರ ಹೆಸರು ಚಿಂಕಾರ. ನಮ್ಮ ಜನಕ್ಕೆ ಕೃಷ್ಣಮೃಗವೂ ಚಿಗರಿ, ಅದಕ್ಕಿಂತ ಸಣ್ಣದಾದ ಈ ಕಂದುಬಣ್ಣದ ಪ್ರಾಣಿಯೂ ಚಿಗರಿ. ಹೊಟ್ಟೆ ಬಿಳಿ, ಬಾಲ ಕಪ್ಪು. ಆ ಬಾಲಕ್ಕೆ ಸುಮ್ಮನಿರುವುದೇ ಗೊತ್ತಿಲ್ಲ.

ಎಣಿಸುವ ಕ್ರಮ ಸರಳವಾದದ್ದು. ವರ್ಷವರ್ಷವೂ ಅದೇ ಚಳಿಗಾಲದಲ್ಲಿ, ಅದೇ ಹಾದಿಯಲ್ಲಿ, ಅದೇ ನಡಿಗೆಯಲ್ಲಿ ಗುಡ್ಡ ದಾಟಬೇಕು. ಎಡಬಲಕ್ಕೆ ಕಂಡದ್ದನ್ನು ಬರೆದುಕೊಳ್ಳಬೇಕು. ಒಂದು ವರ್ಷದ ಸಂಖ್ಯೆಗೆ ಬೆಲೆಯಿಲ್ಲ. ಮರುವರ್ಷದ್ದನ್ನು ಪಕ್ಕಕ್ಕಿಟ್ಟಾಗ ಅದು ಮಾತಾಡತೊಡಗುತ್ತದೆ. ಚಿಗರಿ ಬಲು ನಾಚಿಕೆಯ ಪ್ರಾಣಿ, ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು. ಆದರೆ ಅದಕ್ಕೊಂದು ಒಳ್ಳೆಯ ಅಭ್ಯಾಸವಿದೆ: ಹಿಕ್ಕೆ ಹಾಕಲು ಗೊತ್ತಾದ ಜಾಗಕ್ಕೇ ಮತ್ತೆ ಮತ್ತೆ ಬರುತ್ತದೆ. ಅಂಥ ಹಿಕ್ಕೆಗುಡ್ಡೆಗಳನ್ನು ನೋಡಿ, ಹೊಸದೆಷ್ಟು ಹಳೆಯದೆಷ್ಟು ಎಂದು ತಿಳಿದು, ಪ್ರಾಣಿಗಳ ಅಂದಾಜು ಮಾಡಬಹುದು. ಹೊಸದು ಕಪ್ಪಗೆ ಮಿರುಗುತ್ತದೆ. ಹಳೆಯದು ಬೂದುಬಣ್ಣಕ್ಕೆ ತಿರುಗಿ ಬೆರಳಲ್ಲಿ ಪುಡಿಯಾಗುತ್ತದೆ.

ನನ್ನ ಯಜಮಾನರು ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದರು. ರಜೆಯ ದಿನ ಸ್ಕೂಟರಿನಲ್ಲಿ ನನ್ನನ್ನು ಗುಡ್ಡದ ಬುಡಕ್ಕೆ ತಂದು ಬಿಟ್ಟು, ತಾವು ಬೇವಿನ ಮರದಡಿ ಪೇಪರ್ ಹಾಸಿಕೊಂಡು ಮೊದಲು ಓದುತ್ತಿದ್ದರು, ಆಮೇಲೆ ಅದರ ಮೇಲೇ ಮಲಗುತ್ತಿದ್ದರು. "ಮಂದಿ ಹೆಂಡ್ತೀನ ಸಿನಿಮಾಕ್ಕ ಕರಕೊಂಡು ಹೋಗ್ತಾರ. ನಾ ನೋಡು, ಹಿಕ್ಕಿ ತೋರಸ್ಲಿಕ್ಕೆ ಕರಕೊಂಡು ಬರ್ತೀನಿ" ಎನ್ನುವುದು ಅವರ ಮಾಮೂಲು ಮಾತು. ಸಿನಿಮಾದಲ್ಲೂ ಅವರು ಮಲಗುವುದು ನನಗೆ ಗೊತ್ತಿದ್ದರಿಂದ ನಾನು ಉತ್ತರ ಕೊಡುತ್ತಿರಲಿಲ್ಲ.

ಕುರಿಯದ್ದು ಯಾವುದು, ಚಿಗರಿಯದ್ದು ಯಾವುದು ಎಂದು ಹೋಲಿಸಿ ನೋಡಲು ಹಿಕ್ಕೆಗಳನ್ನು ಕಡ್ಡಿಪೆಟ್ಟಿಗೆಗಳಲ್ಲಿ ತುಂಬಿ ಮನೆಗೆ ತರುತ್ತಿದ್ದೆ. ಒಂದು ಸಂಜೆ ಅತ್ತೆಯವರು ಮಡಿಯುಟ್ಟು ದೇವರಿಗೆ ದೀಪ ಹಚ್ಚಲು ಕತ್ತಲಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ಅದೇ ಪೆಟ್ಟಿಗೆ. ಮುಂದಿನದನ್ನು ವಿವರಿಸುವುದಿಲ್ಲ. ದೇವರಮನೆ ತೊಳೆದದ್ದಾಯಿತು, ಅವರು ಮತ್ತೆ ಸ್ನಾನ ಮಾಡಿದ್ದಾಯಿತು, ನನಗೂ ಮಾಡಿಸಿದ್ದಾಯಿತು. "ಲೋಕದಾಗ ಎಣಸ್ಲಿಕ್ಕೆ ನಿನಗ ಮತ್ತೇನೂ ಸಿಗಲಿಲ್ಲೇನು?" ಎಂದು ಕೇಳಿದರು. ಆದರೂ ಆಮೇಲೆ ಅವರೇ ನನ್ನ ಪೆಟ್ಟಿಗೆಗಳಿಗೆಂದು ಹಿತ್ತಲ ಗೋಡೆಯ ಒಂದು ಗೂಡು ಬಿಟ್ಟುಕೊಟ್ಟರು. ಅದರಲ್ಲೇನೂ ಇಲ್ಲ ಎಂದು ಬಂದವರಿಗೆ ಹೇಳುತ್ತಿದ್ದರು.

ಗುಡ್ಡದ ಮೇಲೆ ನನಗಿಂತ ಮೊದಲಿದ್ದವನು ಒಬ್ಬ ಕುರುಬ. ನನ್ನ ತಂದೆಗಿಂತ ಸ್ವಲ್ಪ ಚಿಕ್ಕವನಿರಬೇಕು. ನಾನು ಕಾಕಾ ಎನ್ನುತ್ತಿದ್ದೆ, ಅವನು ನನ್ನನ್ನು ಎಲ್ಲ ಸಾಲಿ ಕಲಿಸುವ ಹೆಂಗಸರಿಗೆ ಅನ್ನುವಂತೆ ಅಕ್ಕಾರ ಎನ್ನುತ್ತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದ ಕೋಲು. ಜತೆಗೆ ಎರಡು ನಾಯಿ. ಆ ನಾಯಿಗಳ ಕೊರಳಿಗೆ ಮುಂಗಾಲಿಗೆ ಬಡಿಯುವ ಹಾಗೆ ಒಂದೊಂದು ಕಟ್ಟಿಗೆ ತುಂಡು ಕಟ್ಟಿದ್ದ. ಯಾಕೆ ಎಂದು ಕೇಳಿದೆ.

"ಓಡಬಾರದಂತರಿ."

"ಯಾರ ಹಿಂದೆ ಓಡಬಾರದು?"

"ಯಾರ ಹಿಂದೂ" ಎಂದು ಆ ಕಡೆ ತಿರುಗಿದ.

ಮೊದಲ ದಿನವೇ ಕೇಳಿದೆ, "ಕಾಕಾ, ನಿಮ್ಮವು ಎಷ್ಟ ಕುರಿ ಅವ?"

"ಅದಾವ್ರಿ, ನಾಕ."

ನಮ್ಮ ಸುತ್ತ ಗುಡ್ಡದ ಓರೆ ಪೂರ್ತಿ ಕುರಿ. ನಾನು ನಕ್ಕು, ಇದು ಅತ್ತೆಯವರ ಮೊಮ್ಮಕ್ಕಳ ಲೆಕ್ಕ ಎಂದುಕೊಂಡು, ಚಿಗರಿಯ ಮಾತೆತ್ತಿದೆ.

"ಎಲ್ಲಿ ಅದಾವ್ರಿ ಅಕ್ಕಾರ. ಮದ್ಲ ಇದ್ದೂ ಅಂತಾರ."

ಅವನ ಬೆನ್ನ ಹಿಂದೆ, ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರದಲ್ಲಿ, ಒಂದು ಚಿಗರಿ ಕವಳಿ ಗಿಡದ ಮರೆಯಿಂದ ಹೊರಬಂದು ನಮ್ಮನ್ನು ನೋಡಿ, ಮುಂಗಾಲು ನೆಲಕ್ಕೆ ಬಡಿದು, ಹಾರಿ ಹೋಯಿತು. ನಾನು ಬೆರಳು ತೋರಿಸಿದೆ. ಅವನು ನಿಧಾನವಾಗಿ ತಿರುಗಿ, ಅದು ಪೂರ್ತಿ ಕಣ್ಮರೆಯಾಗುವ ತನಕ ಕಾದು ಹೇಳಿದ: "ಅದಾ? ಹಾದಿ ತಪ್ಪಿ ಬಂದದ್ದಿರಬೇಕ್ರಿ."

ಹೀಗೇ ಮೂರು ನಾಲ್ಕು ಚಳಿಗಾಲ ಕಳೆದವು. ಗುಡ್ಡದಲ್ಲಿ ಯಾವ ಚಿಗರಿ ಎಲ್ಲಿ ಮಲಗುತ್ತದೆ, ಯಾವುದು ಎಲ್ಲಿ ಮರಿ ಹಾಕಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತೆಂದು ನನಗೆ ಗೊತ್ತಿತ್ತು. ಜೋಳದ ರೊಟ್ಟಿ, ಕೆಂಪು ಚಟ್ನಿ ಹಂಚಿಕೊಂಡು ತಿನ್ನುವಷ್ಟು ಸಲಿಗೆಯಾಗಿತ್ತು. ಮಗಳ ಮದುವೆಯ ಮಾತು, ಕಾಲುನೋವಿನ ಮಾತು, ಮಳೆಯ ಮಾತು ಎಲ್ಲ ಹೇಳುತ್ತಿದ್ದ. ಚಿಗರಿಯ ಸುದ್ದಿ ಬಂದರೆ ಮಾತ್ರ ಬಾಯಿಗೆ ಬೀಗ. ನಾನು ಎಣಿಸುತ್ತ ತುಟಿ ಅಲ್ಲಾಡಿಸಿದರೆ ಸಾಕು, ಲೆಕ್ಕ ತಪ್ಪಲೆಂದೇ ಕುರಿಗಳಿಗೆ ಜೋರಾಗಿ ಕೂಗು ಹಾಕುತ್ತಿದ್ದ. ಎಷ್ಟೋ ಸಲ ನನ್ನ ಲೆಕ್ಕ ತಪ್ಪಿತು, ಎಷ್ಟೋ ಸಲ ಅವನ ಮೇಲೆ ರೇಗಿದೆ.

"ಕೇಳಾಕ ಬರೋರು ನೀವೊಬ್ಬರ ಅಲ್ರಿ" ಎಂದು ಒಮ್ಮೆ ಹೇಳಿದ. ಚಳಿಗಾಲದಲ್ಲಿ ಆ ಕಡೆಯಿಂದ ಬೇಟೆಯವರು ಬರುತ್ತಿದ್ದರು. ಮುಧೋಳದ ಸಣ್ಣನಡುವಿನ, ಉದ್ದಗಾಲಿನ ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಂಡು ಬಂದು, ಅವನಿಗೆ ಬೀಡಿ ಕೊಟ್ಟು, ಪಕ್ಕದಲ್ಲಿ ಕೂತು, ಚಿಗರಿ ಎಲ್ಲಿವೆ, ಎಷ್ಟಿವೆ ಎಂದು ಕೇಳುತ್ತಿದ್ದರು. ಬೇಟೆಯಾಡಬಾರದೆಂದು ಕಾನೂನು ಬಂದು ವರ್ಷಗಳಾಗಿದ್ದವು, ಆದರೆ ಗುಡ್ಡಕ್ಕೆ ಬಂದು ಅದನ್ನು ಹೇಳುವವರಿರಲಿಲ್ಲ. "ಬೀಡಿ ಇಸಗೋತೀನ್ರಿ. ಇಲ್ಲಾ ಅಂತೀನ್ರಿ" ಎಂದ. ನಾನು ಬೀಡಿ ಕೊಡದೆ ಅದೇ ಪ್ರಶ್ನೆ ಕೇಳುವವಳು, ಅಷ್ಟೇ ವ್ಯತ್ಯಾಸ. ಅದರ ಮೇಲೆ ದೃಷ್ಟಿಯ ಭಯ. ಜೀವ ಇರುವುದನ್ನು ಎಣಿಸಿ ಬಾಯಿಂದ ಆಡಿದರೆ ಅದು ಉಳಿಯುವುದಿಲ್ಲ ಎಂದು ಅವನ ಅಪ್ಪ ಹೇಳಿದ್ದನಂತೆ. ಅವನ ಅಪ್ಪನಿಗೂ ನಮ್ಮ ಅತ್ತೆಯವರಿಗೂ ಒಂದು ದಿನದ ಭೇಟಿಯೂ ಇರಲಿಲ್ಲ, ಆದರೆ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

ಎಂಬತ್ತರ ದಶಕದಲ್ಲಿ ಬೋಳು ಗುಡ್ಡಗಳಿಗೆಲ್ಲ ಗಿಡ ನೆಡುವ ಹುರುಪು ಬಂತು. ಮರವಿಲ್ಲದ ಜಾಗವೆಂದರೆ ಪಾಳು ಎಂದು ಎಲ್ಲರ ನಂಬಿಕೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿಯೂ ಹುಲ್ಲೇ ಒಂದು ಸಂಪತ್ತು ಎಂದರೆ ನಕ್ಕರು. ಆ ಗುಡ್ಡದ ಹೆಸರೂ ನೆಡುವ ಜಾಗಗಳ ಸಾಲಿನಲ್ಲಿದೆ ಎಂದು ತಿಳಿದ ದಿನ ನನಗೆ ರಾತ್ರಿ ಊಟ ಸೇರಲಿಲ್ಲ. ಉದ್ದುದ್ದ ಗುಂಡಿ, ಅಂದರೆ ನಮ್ಮ ಮಾತಿನ ತೆಗ್ಗು, ತೋಡಿ, ಸಾಲುಸಾಲಾಗಿ ನೀಲಗಿರಿ ನೆಟ್ಟು, ಕುರಿ ಬಾರದಂತೆ ಕಾವಲಿಟ್ಟರೆ ಹುಲ್ಲು ಹೋಯಿತು. ಹುಲ್ಲು ಹೋದರೆ ಚಿಗರಿ ಹೋಯಿತು, ಕುರಿಯೂ ಹೋಯಿತು. ಹೀಗೆಂದು ಅರಣ್ಯ ಇಲಾಖೆಯ ಮೇಲಿನವರಿಗೆ ಒಂದರ ಮೇಲೊಂದು ಅರ್ಜಿ ಬರೆದೆ. ಕೊನೆಗೆ ಒಬ್ಬ ಸಾಹೇಬರು ಬಂದು ನೋಡುತ್ತೇನೆಂದು ಒಪ್ಪಿದರು. ಚಿಗರಿ ಇರುವುದು ನಿಜವೇ, ಎಷ್ಟಿವೆ, ಊರಿನವರು ಹೌದೆನ್ನುತ್ತಾರೆಯೇ ಎಂಬುದಷ್ಟೇ ಅವರಿಗೆ ಬೇಕಾದದ್ದು.

ಅವರು ಬರುವ ಹಿಂದಿನ ವಾರ ನಾನು ಗುಡ್ಡಕ್ಕೆ ಹೋಗಿ ಕಾಕಾನ ಎದುರು ಕೂತೆ.

"ಕಾಕಾ, ಈ ಸಲ ಖರೇ ಹೇಳಬೇಕು. ಚಿಗರಿ ಅವ ಅಂದ್ರ ಗುಡ್ಡ ಹೀಂಗ ಉಳೀತದ, ನಿಮ್ಮ ಕುರಿಗೂ ಹುಲ್ಲು ಉಳೀತದ. ಇಲ್ಲ ಅಂದ್ರ ತೆಗ್ಗು ಹೊಡದು ಗಿಡಾ ಹಚ್ಚತಾರ."

"ಗಿಡಾ ಹಚ್ಚೂದು ಛಲೋ ಅಲ್ಲೇನ್ರಿ?"

"ಛಲೋನ. ಆದ್ರ ಅದರ ಬುಡಕ ನಿಮ್ಮನ್ನ ಬಿಡೂದಿಲ್ಲ."

ಬಹಳ ಹೊತ್ತು ಕೋಲಿನ ತುದಿಯಿಂದ ನೆಲ ಕೆರೆದ. "ಆತು ಬಿಡ್ರಿ ಅಕ್ಕಾರ. ಹೇಳ್ತೀನ್ರಿ" ಎಂದ. ನಾನು ಅವತ್ತು ಹಾಡು ಗುನುಗಿಕೊಂಡು ಗುಡ್ಡ ಇಳಿದೆನೆಂದು ಯಜಮಾನರು ಆಮೇಲೆ ಎಷ್ಟೋ ಸಲ ಹೇಳಿ ಕಾಡಿದ್ದಾರೆ.

ಸೂರ್ಯ ಹುಟ್ಟುವಾಗ ಬನ್ನಿ, ಆಗಲೇ ಚಿಗರಿ ಮೇಯುವುದು ಎಂದು ಸಾಹೇಬರಿಗೆ ಬರೆದಿದ್ದೆ. ಜೀಪು ಬಂದದ್ದು ನಡುಮಧ್ಯಾಹ್ನದ ಬಿಸಿಲಿಗೆ. ಸಾಹೇಬರು ಮೈಸೂರು ಕಡೆಯವರು. ನಯವಾದ ಮಾತು, ತಲೆಗೆ ಟೊಪ್ಪಿಗೆ. ಗುಡ್ಡ ಪೂರ್ತಿ ಹತ್ತಿದರು, ಏದುಸಿರು ಬಿಟ್ಟರು, ಒಮ್ಮೆಯೂ ಬೇಸರಿಸಲಿಲ್ಲ. ಆ ಹೊತ್ತಿಗೆ ಚಿಗರಿಗಳು ಎಲ್ಲೆಲ್ಲೋ ನೆರಳಲ್ಲಿ ಮಲಗಿರುತ್ತವೆ. ನಾನು ಹಿಕ್ಕೆಗುಡ್ಡೆ ತೋರಿಸಿದೆ.

"ಇದು ಕುರೀದಲ್ವಾ ಮೇಡಂ?"

ಅಲ್ಲ ಎಂದು ಹೊಸದು, ಹಳೆಯದು, ಆಕಾರ, ಗಾತ್ರ ಎಲ್ಲ ಬಿಡಿಸಿ ಹೇಳಿದೆ. ಕೈಯಲ್ಲಿ ಹಿಡಿದು ತೋರಿಸಿದೆ. ಅವರು ಹಿಡಿಯಲಿಲ್ಲ. ಕೊನೆಗೆ ಕಾಕಾನ ಹತ್ತಿರ ಬಂದೆವು. ಅವನು ಕಂಬಳಿ ಹೊದ್ದು, ಜೀಪಿನ ಕಡೆಗೇ ನೋಡುತ್ತ ನಿಂತಿದ್ದ.

"ಏನಪ್ಪಾ, ಇಲ್ಲಿ ಜಿಂಕೆ ಇದಾವಾ? ಎಷ್ಟಿದಾವೆ?"

ಕಾಕಾ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಅವನು ಬಾಯಿ ತೆರೆದ, ಮುಚ್ಚಿದ. ಆಮೇಲೆ ಹೇಳಿದ:

"ಎಲ್ಲಿ ಅದಾವ್ರಿ ಸಾಹೇಬ್ರ. ಮದ್ಲ ಇದ್ದೂ ಅಂತಾರ."

ನನ್ನ ಮೈಯೆಲ್ಲ ಉರಿದು ಹೋಯಿತು. "ಸರ್, ಇವರು ಇಲ್ಲ ಅಂದರೆ ಇವೆ ಅಂತ ಅರ್ಥ. ನಮ್ಮ ಕಡೆ ರೂಢಿ ಅದು. ಬೇಕಾದರೆ ಕುರಿ ಎಷ್ಟು ಅಂತ ಕೇಳಿ ನೋಡಿ" ಎಂದೆ.

ಸಾಹೇಬರು ಕೇಳಿದರು. ಗುಡ್ಡದ ತುಂಬ ಹರಡಿದ್ದ ಕುರಿಗಳ ನಡುವೆ ನಿಂತು ಕಾಕಾ, "ನಾಕ ಅದಾವ್ರಿ" ಎಂದ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, "ಮೇಡಂ, ಇವನು ಸುಳ್ಳು ಹೇಳ್ತಾನೆ ಅಂತ ಒಪ್ಪಿದೆ. ಕುರಿ ಕಣ್ಣಿಗೆ ಕಾಣ್ತಾ ಇದೆ. ಜಿಂಕೆ ಎಲ್ಲಿ ಕಾಣ್ತಾ ಇದೆ, ತೋರಿಸಿ" ಎಂದರು. ಇಲ್ಲ ಎಂಬುದನ್ನು ಇವೆ ಎಂದು ಅವರು ಕಾಗದದ ಮೇಲೆ ಹೇಗೆ ಬರೆದಾರು?

ಜೀಪು ಹೋದ ಮೇಲೆ ನಾನು ಕಾಕಾನ ಕಡೆ ತಿರುಗಿದೆ. "ಏನ ಮಾಡಿದ್ರಿ ಕಾಕಾ ನೀವು! ಹೇಳ್ತೀನಿ ಅಂದಿದ್ರಿಲ್ಲೋ?"

"ಬಾಯಿತನಕಾ ಬಂದಿತ್ತರಿ ಅಕ್ಕಾರ. ಹೊರಗ ಬೀಳಲಿಲ್ರಿ. ಜೀಪಿನ್ಯಾಗ ಬಂದವರಿಗೆ ಹ್ಯಾಂಗ ಹೇಳೂದ್ರಿ?"

"ಹಂಗಾರ ನಾಳಿಂದ ತೆಗ್ಗು ಎಣಸ್ಕೋತ ಕೂಡ್ರಿ"  ಎಂದು ಹೇಳಿ ಹಿಂದೆ ನೋಡದೆ ಇಳಿದು ಬಂದೆ. ಆ ಮಾತಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಸಿಟ್ಟು ಬರಬೇಕಾದಲ್ಲಿ ಬಂದಿತ್ತು.

ತೆಗ್ಗು ತೋಡಿದರು. ಗುಡ್ಡದ ಮೈಗೆ ಬಾಚಣಿಕೆಯಲ್ಲಿ ಗೀರಿದ ಹಾಗೆ ಸಾಲುಗಳು ಮೂಡಿದವು, ಅವುಗಳ ಏರಿಯ ಮೇಲೆ ಸಸಿಗಳು ನಿಂತವು. ಕುರಿಗಳನ್ನು ಹೊರಗೆ ಹಾಕಿದರು. ಕಾಕಾ ಅವನ್ನು ಹೊಡೆದುಕೊಂಡು ಬೇರೆ ಕಡೆ ಹೋದ. ಅದೇ ವರ್ಷಗಳಲ್ಲಿ ಗುಡ್ಡದ ಬುಡದ ಹೊಲಗಳಿಗೆ ನೀರು ಬಂದು ಜೋಳ ಹೋಗಿ ಕಬ್ಬು ಎದ್ದಿತು. ಅದರಿಂದ ಎಷ್ಟೋ ಮನೆಗಳು ಮಾಳಿಗೆ ಕಂಡವು, ನಾನು ಅದನ್ನು ತೆಗಳುವುದಿಲ್ಲ. ಚಿಗರಿಗೆ ಮಾತ್ರ ಮೇಲೂ ಜಾಗವಿಲ್ಲ, ಕೆಳಗೂ ಇಲ್ಲ ಎಂಬಂತಾಯಿತು.

ನಾನು ನಡೆಯುವುದನ್ನು ಬಿಡಲಿಲ್ಲ. ತೆಗ್ಗು ದಾಟುತ್ತ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಅದೇ ಹಾದಿಯಲ್ಲಿ ಪ್ರತಿ ಚಳಿಗಾಲ ಗುಡ್ಡ ದಾಟಿದೆ. ಮೊದಲು ಕಾಣುವ ಚಿಗರಿ ಕಡಿಮೆಯಾದವು. ಆಮೇಲೆ ಕಾಣದಾದವು, ಹಿಕ್ಕೆ ಉಳಿಯಿತು. ಮುಂದೆ ಹೊಸ ಹಿಕ್ಕೆ ನಿಂತಿತು. ಇದ್ದ ಗುಡ್ಡೆಗಳು ಬೂದಾಗುತ್ತ, ಪುಡಿಯಾಗುತ್ತ, ಒಂದೊಂದಾಗಿ ನೆಲಕ್ಕೆ ಸೇರಿದವು. ಹುಲ್ಲಿನಲ್ಲಿರುತ್ತಿದ್ದ ಗೌಜಲಹಕ್ಕಿಯ ಕೂಗು ಯಾವ ವರ್ಷ ನಿಂತಿತು ಎಂಬುದು ನನಗೆ ನೆನಪೇ ಇಲ್ಲ, ಅದನ್ನು ನಾನು ಎಣಿಸುತ್ತಿರಲಿಲ್ಲ. ಧಾರವಾಡದ ಪ್ರಾಧ್ಯಾಪಕರಿಗೆ ಪ್ರತಿ ವರ್ಷ ನನ್ನ ಸಂಖ್ಯೆ ಕಳಿಸುತ್ತಿದ್ದೆ. ಒಂದು ವರ್ಷ ಮೊದಲ ಸಲ ಸೊನ್ನೆ ಕಳಿಸಿದೆ. ಮರುವರ್ಷ ಇನ್ನೊಂದು ಸೊನ್ನೆ.

"ಇಲ್ಲದ್ದನ್ನ ಎಣಸ್ಲಿಕ್ಕೆ ಪೆಟ್ರೋಲ್ ಯಾಕ ಸುಡಬೇಕು?" ಎಂದರು ಯಜಮಾನರು.

"ಹೋಗಿ ನೋಡಿದ್ರ ಸೊನ್ನಿ. ಮನ್ಯಾಗ ಕೂತು ಬರದ್ರ ಸುಳ್ಳು" ಎಂದೆ. ಅವರು ಸ್ಕೂಟರಿನ ಕಿಕ್ ಒದ್ದರು.

ಅತ್ತೆಯವರು ಹಾಸಿಗೆ ಹಿಡಿದಿದ್ದ ದಿನಗಳವು. ಒಂದು ದಿನ ಗುಡ್ಡದಿಂದ ಬಂದು ಕಾಲು ತೊಳೆದು ಅವರ ಹತ್ತಿರ ಕೂತಾಗ, ಎಂದೂ ಕೇಳದವರು ಕೇಳಿದರು: "ನಿನ್ನ ಚಿಗರಿ ಹ್ಯಾಂಗವ?"

ಹಾಸಿಗೆಯಲ್ಲಿದ್ದವರ ಮುಂದೆ ಹೋದವು, ಮುಗಿದವು ಎನ್ನಲು ನನಗೆ ಬಾಯಿ ಬರಲಿಲ್ಲ. "ಭಾಳ ಅವರಿ ಅತ್ತಿಯವರ. ಗುಡ್ಡ ತುಂಬ್ಯದ" ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು. "ಅಯ್ಯ... ಒಂದೂ ಉಳೀಲಿಲ್ಲೇನು?" ಎಂದರು. ಗುಡ್ಡಕ್ಕಾಗಿ ನಾನು ಅತ್ತದ್ದು ಅವತ್ತೊಂದೇ ದಿನ.

ಕಾಕಾ ಮತ್ತೆ ಕಂಡದ್ದು ತೊಂಬತ್ತರ ದಶಕ ಶುರುವಾದ ಮೇಲೆ. ಅತ್ತೆಯವರು ಹೋಗಿ ಎರಡು ವರ್ಷವಾಗಿತ್ತು. ನೀಲಗಿರಿಯನ್ನು ಒಂದು ಸಲ ಕಡಿದು ಸಾಗಿಸಿದ್ದರು, ಬೊಡ್ಡೆಗಳು ಚಿಗುರುತ್ತಿದ್ದವು. ಕಾವಲಿನವನೂ ಬರುವುದು ಬಿಟ್ಟಿದ್ದ. ನಾನು ಹಾದಿಯ ಅರ್ಧಕ್ಕೆ ಬಂದಾಗ ಎದುರಿನ ಹಾಸುಗಲ್ಲಿನ ಮೇಲೆ ಯಾರೋ ಕೂತಿರುವುದು ಕಂಡಿತು. ಕಂಬಳಿ ಅದೇ, ಮನುಷ್ಯ ಅರ್ಧವಾಗಿದ್ದ. ಕುರಿಯಿಲ್ಲ, ನಾಯಿಯಿಲ್ಲ.

"ಇನ್ನೂ ಎಣಸಾಕತ್ತೀರೇನ್ರಿ ಅಕ್ಕಾರ?"

ವರ್ಷಗಟ್ಟಲೆ ಮಾತಾಡಿರಲಿಲ್ಲ. ಸಿಟ್ಟು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಕೂತು ನೀರು ಕುಡಿದೆವು. ಅವನು ಕೋಲೂರಿ ಎದ್ದ.

"ಬರ್ರಿ. ಇವತ್ತ ಎಣಸೂಣು."

ಹಾಸುಗಲ್ಲಿಗೆ ಕೋಲು ತಾಗಿಸಿದ. "ಇದರ ಮ್ಯಾಲ ಒಂದು ನಿಂದರತಿತ್ರಿ. ಎಡಗೋಡ ಮುರದಿತ್ತು. ಮುದಿ ಗಂಡು. ಲಾಭ."

ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅವನು ಚಿಗರಿಗಳನ್ನು ಹಾಗೆ ಅಳೆಯತೊಡಗಿದ್ದ. ನಾನು ಪೆನ್ಸಿಲ್ ತೆಗೆದೆ.

"ಅದರ ಜೋಡಿ ಇಲ್ಲೇ ಕೆಳಗ ಮಲಗತಿತ್ರಿ. ಎರಡ. ಈ ಕವಳಿ ಇತ್ತಲ್ರಿ, ಇದರ ಬುಡಕ ಮರಿ ಹಾಕಿತ್ತು. ತಾಯಿ ಮೂರ, ಮರಿ ನಾಕ. ಆ ಮರಿ ತೆಗ್ಗಿನ್ಯಾಗ ಬಿದ್ದ ಕಾಲ ಮುರಕೊಂಡ್ತು. ತಾಯಿ ಮೂರ ದಿನ ಅಲ್ಲೇ ಸುತ್ತಿತ್ರಿ."

ಗುಡ್ಡದ ತುಂಬ ನನ್ನನ್ನು ಕರೆದುಕೊಂಡು ಅಡ್ಡಾಡಿದ. ಪ್ರತಿಯೊಂದಕ್ಕೂ ಜಾಗ ತೋರಿಸಿದ, ಗುರುತು ಹೇಳಿದ, ಹೇಗೆ ಹೋಯಿತು ಹೇಳಿದ. ಹೊರಗೆ ಹಾಕಿದ ಮೇಲೂ ಕಾವಲಿನವನ ಕಣ್ಣು ತಪ್ಪಿಸಿ ಬಂದು ನೋಡಿಕೊಂಡು ಹೋಗುತ್ತಿದ್ದನಂತೆ. ಇದನ್ನು ನಾಯಿ ಹಿಡಿದವು. ಇವು ಕಬ್ಬಿನ ಕಡೆ ಇಳಿದವು, ತಿರುಗಿ ಬರಲಿಲ್ಲ. ಇದು ಒಂದೇ ಉಳಿದು, ಒಂದು ಬೇಸಿಗೆ ಪೂರ್ತಿ ಬುಡದ ಊರಿನ ಆಡುಗಳ ಹಿಂದೆ ಮೇಯುತ್ತಿತ್ತು. ಧ್ವನಿ ತಗ್ಗಿಸಲಿಲ್ಲ, ಆ ಕಡೆ ಈ ಕಡೆ ನೋಡಲಿಲ್ಲ, ರಾಶಿ ಕಣದಲ್ಲಿ ನಿಂತವರ ಹಾಗೆ ಗಟ್ಟಿಯಾಗಿ ಎಣಿಸಿದ. ಕೊನೆಗೆ ಬಂದ ಸಂಖ್ಯೆ ನಾನು ಅಷ್ಟೂ ವರ್ಷ ಹಿಕ್ಕೆ ನೋಡಿ ಮಾಡಿದ ಯಾವ ಅಂದಾಜಿಗಿಂತಲೂ ಬಹಳ ದೊಡ್ಡದು.

"ಇದನ್ನ ಆವಾಗ ಯಾಕ ಹೇಳಲಿಲ್ಲ ಕಾಕಾ?"

"ಆವಾಗ ಇದ್ದೂವಲ್ರಿ" ಎಂದ.

ಏನಾದರೂ ಆಡಬೇಕೆಂದು ಕೇಳಿದೆ, "ಕುರಿ ಎಷ್ಟ ಅವ ಈಗ?"

"ನೂರಾ ಹದಿಮೂರ ಇದ್ದೂರಿ" ಎಂದ, ತಡವರಿಸದೆ. ಮಾರಿಬಿಟ್ಟಿದ್ದಾನೆ ಎಂದು ಅದರಲ್ಲೇ ತಿಳಿಯಿತು.

ಇಳಿಯುವ ಹೊತ್ತಾಗಿತ್ತು. ನನ್ನ ಹಾದಿ ಗುಡ್ಡದ ಪಡುವಣ ಮಗ್ಗುಲಿನ ಕೊರಕಲೊಂದನ್ನು ಹಾಯ್ದು ಹೋಗುತ್ತದೆ. ಕಲ್ಲುಬಂಡೆ ಹೆಚ್ಚೆಂದು ಅಲ್ಲಿ ತೆಗ್ಗು ತೋಡಿರಲಿಲ್ಲ, ಹುಲ್ಲು ಹಾಗೇ ಇತ್ತು. ನಾನು ಆ ಕಡೆ ತಿರುಗಿದೆ. ಕಾಕಾ ಚುರುಕಾಗಿ ಮುಂದೆ ಬಂದು ಹಾದಿಗೆ ಅಡ್ಡ ನಿಂತ.

"ಆ ಕಡೆ ಬ್ಯಾಡ್ರಿ. ಮುಳ್ಳ ಭಾಳ ಅದಾವು."

"ಕಾಕಾ, ನಾ ಇಷ್ಟ ವರ್ಷ ಇಲ್ಲೇ ಹಾದು ಹೋಗೀನಿ."

"ಈಗ ಬೆಳದಾವ್ರಿ."

ಅವನ ಮುಖ ನೋಡಿದೆ. ಅವನು ನನ್ನ ಕೈಯಲ್ಲಿದ್ದ ಪೆನ್ಸಿಲ್ ನೋಡುತ್ತಿದ್ದ.

"ಕಾಕಾ, ಚಿಗರಿ ಒಂದರೆ ಉಳದಾವೇನು?"

ಅವನು ಆ ಕಡೆ ತಿರುಗಿ, ಇಲ್ಲದ ಕುರಿಗಳಿಗೆ ಒಂದು ಕೂಗು ಹಾಕಿದ. ಆಮೇಲೆ ಹೇಳಿದ:

"ಎಲ್ಲಿ ಅದಾವ್ರಿ ಅಕ್ಕಾರ. ಮದ್ಲ ಇದ್ದೂ ಅಂತಾರ."

ನಾನು ಪೆನ್ಸಿಲ್ ಚೀಲಕ್ಕೆ ಹಾಕಿಕೊಂಡೆ. ಕೊರಕಲು ಬಿಟ್ಟು ಸುತ್ತುಹಾದಿ ಹಿಡಿದು ಇಳಿದೆ. ನನ್ನ ಎಣಿಕೆಯ ಹಾದಿ ಬಿಟ್ಟು ನಡೆದದ್ದು ಅದೊಂದೇ ಸಲ. ಬೇವಿನ ಮರದಡಿ ಎದ್ದು ಕೂತ ಯಜಮಾನರು ಎಷ್ಟು ಎಂದು ಕೇಳಿದರು. ಒಂದೂ ಇಲ್ಲ ಎಂದೆ. ನಗುತ್ತಿದ್ದೀಯಲ್ಲ ಎಂದರು. ಮನೆಗೆ ಬಂದು ಧಾರವಾಡಕ್ಕೆ ಬರೆದೆ, ಸೊನ್ನೆ ಎಂದು. ಅಷ್ಟು ಸಂತೋಷದಿಂದ ನಾನು ಬೇರಾವ ಸಂಖ್ಯೆಯನ್ನೂ ಬರೆದಿಲ್ಲ.